ಚಾಕು ಹೊತ್ತು ತಂದದ್ದು

ಮಾರ್ಚ್ 4, ಬೆಳಿಗ್ಗೆ

ಹಾಲು ಉಕ್ಕಿತು. ಒಲೆ ಒರೆಸಿದೆ. ಪತ್ರಿಕೆಯಲ್ಲಿ ನನ್ನ ಪತ್ರ ಇವತ್ತೂ ಇಲ್ಲ. ಪಾದಚಾರಿ ಸೇತುವೆಯ ಮುರಿದ ಮೆಟ್ಟಿಲಿನ ಬಗ್ಗೆ ಬರೆದದ್ದು. ಹಿಂದಿನ ಮೇಯರ್ ಕಾಲದಿಂದ ಬರೆಯುತ್ತಿದ್ದೇನೆ. ಅವರು ಮರೆಯುತ್ತಾರೆ, ನಾನು ಮರೆಯುವುದಿಲ್ಲ.

ಇವರು ಈಜುಕೊಳಕ್ಕೆ ಹೊರಡಲಿಲ್ಲ. ಜ್ವರ ಬಂದರೂ ಕೋಚಿಂಗ್ ತಪ್ಪಿಸದ ಮನುಷ್ಯ. ಕೇಳಿದ್ದಕ್ಕೆ, ನನ್ನ ಕಡೆ ನೋಡದೆ, ಟವೆಲ್ ಮಡಚುತ್ತ —

"ಕೆಳಗೆ ಒಂದು ಕಡೆ ಗಟ್ಟಿಯಾಗಿದೆ ಕಣೇ. ಬೀಜದಲ್ಲಿ. ನೋವಿಲ್ಲ, ಅದಕ್ಕೇ ಹೇಳ್ಲಿಲ್ಲ."

"ಯಾವಾಗಿಂದ?"

"ಹೋದ ಮಳೆಗಾಲದಿಂದ..."

ದಿನವಿಡೀ ಚಡ್ಡಿಯಲ್ಲಿ ಊರಿನವರ ಮುಂದೆ ನಿಲ್ಲುವವರಿಗೆ ಹೆಂಡತಿಯ ಮುಂದೆ ನಾಚಿಕೆ! ಯಾರನ್ನು ಬೈಯಲಿ? ಹೈಸ್ಕೂಲಿನಲ್ಲಿ ಆ ಪಾಠ ಬಂದಾಗ ಮೇಷ್ಟ್ರು "ಇದನ್ನ ಮನೇಲಿ ಓದ್ಕೊಳ್ಳಿ" ಎಂದು ಎರಡು ಹಾಳೆಗಳನ್ನು ಒಟ್ಟಿಗೇ ತಿರುಗಿಸಿದ್ದರು. ಇಡೀ ಸಮಾಜ ಆ ಎರಡು ಹಾಳೆ ಓದದೆ ದೊಡ್ಡದಾಗಿದೆ.

ಮಾರ್ಚ್ 7

ಸ್ಕ್ಯಾನ್ ಆಯಿತು. ಸರ್ಜನ್ ಪರದೆ ನೋಡುತ್ತಿದ್ದಂತೆ ಮಾತು ನಿಧಾನವಾಯಿತು. ಸೂಜಿ ಚುಚ್ಚಿ ಪರೀಕ್ಷಿಸುವಂತಿಲ್ಲವಂತೆ, ಹರಡುವ ಅಪಾಯ. ತೊಡೆಸಂದಿಯಲ್ಲಿ ಕೊಯ್ದು, ಬೀಜವನ್ನೂ ಅದರಿಂದ ಮೇಲಕ್ಕೆ ಹೋಗುವ ಬಳ್ಳಿಯನ್ನೂ ಇಡಿಯಾಗಿ ತೆಗೆದು ಪೆಥಾಲಜಿಗೆ ಕಳಿಸುತ್ತಾರೆ. ಅಲ್ಲಿ ಎರಡು ಪ್ರಶ್ನೆ. ಯಾವ ಜಾತಿಯ ಗಡ್ಡೆ? ಎಲ್ಲಿಯವರೆಗೆ ಹೋಗಿದೆ?

ಬಸ್ಸಿನಲ್ಲಿ ಇವರು ಕಿವಿಯ ಹತ್ತಿರ: "ದೇವರು ಎರಡೆರಡು ಯಾಕೆ ಕೊಟ್ಟ ಅಂದ್ಕೊಂಡೆ? ಒಂದು ಸ್ಟೆಪ್ನಿ."

ನಕ್ಕೆ. ಕಣ್ಣಲ್ಲಿ ನೀರು ಬಂತು. ಎದುರು ಸೀಟಿನವರು ನಗುವಿಗೇ ಬಂತೆಂದುಕೊಂಡಿರಬೇಕು.

ಮಾರ್ಚ್ 21

ಪೆನ್ನು ಮುಟ್ಟಿರಲಿಲ್ಲ. ಆಪರೇಷನ್ ಆಗಿ ಮನೆಗೆ ಬಂದಿದ್ದೇವೆ. ಇವತ್ತು ರಿಪೋರ್ಟ್.

ಮಿಕ್ಸೆಡ್ ಜರ್ಮ್ ಸೆಲ್ ಟ್ಯೂಮರ್. ಒಂದೇ ಗಡ್ಡೆಯಲ್ಲಿ ಮೂರು ಬಗೆ. ಲೈಬ್ರರಿಯಲ್ಲಿ ಕೂತು ಓದಿದೆ. ಬರೀ ಸೆಮಿನೋಮ ಎಂಬ ಬಗೆಯಾಗಿದ್ದರೆ ಅಷ್ಟು ಅವಸರದ್ದಲ್ಲ. ಇವರದರಲ್ಲಿ ಹೆಚ್ಚಿನ ಪಾಲು ಎಂಬ್ರಿಯೋನಲ್ — ಬೇಗ ರಕ್ತನಾಳ ಹಿಡಿಯುವಂಥದ್ದು. ಪುಸ್ತಕ ಮುಚ್ಚಿದೆ. ಮತ್ತೆ ತೆರೆದೆ.

ಅದಕ್ಕಿಂತ ಕೆಟ್ಟದ್ದು ಕೊನೆಯ ಸಾಲು. ಬಳ್ಳಿಯ ಕತ್ತರಿಸಿದ ತುದಿಯಲ್ಲೂ ಗಡ್ಡೆಯ ಜೀವಕೋಶಗಳಿವೆಯಂತೆ. ಅಂದರೆ ಪೂರ್ತಿ ತೆಗೆದಿಲ್ಲ. ಉಳಿದದ್ದು ಇವರ ಮೈಯೊಳಗೇ ಇದೆ.

ಸರ್ಜನ್: "ಮೂವತ್ತನೇ ತಾರೀಖಿಗೆ ಕಿಮೋ ಶುರು ಮಾಡೋಣ. ಮೂರು ಸುತ್ತು." ಅದರಲ್ಲೊಂದು ಔಷಧಿ ಶ್ವಾಸಕೋಶಕ್ಕೂ ಪೆಟ್ಟು ಕೊಡಬಹುದಂತೆ. ಈಜುವವರ ಶ್ವಾಸಕೋಶಕ್ಕೆ!

"ರಕ್ತದಲ್ಲಿ ಗಡ್ಡೆಯ ಸುಳಿವು ಕೊಡೋ ಮಾರ್ಕರ್ ಇಳೀತಿದೆ, ಎದೆ ಹೊಟ್ಟೆ ಸ್ಕ್ಯಾನ್ ಕ್ಲೀನ್ ಇದೆ. ತುದೀಲಿ ಮಾತ್ರ ಹೇಗೆ ಬಂತು ಡಾಕ್ಟ್ರೇ?"

"ಮೇಡಂ, ಎಲ್ಲಾ ಪುಸ್ತಕದಲ್ಲಿದ್ದ ಹಾಗೆ ಇರಲ್ಲ."

ಪುಸ್ತಕವನ್ನು ಹಳಿದವರನ್ನು ನಾನು ಸುಲಭಕ್ಕೆ ಬಿಟ್ಟವಳಲ್ಲ. ಇನ್ನೊಬ್ಬರಿಗೆ ತೋರಿಸಲು ಗಡ್ಡೆಯ ಸ್ಲೈಡುಗಳನ್ನು ಕೇಳಿ ಪಡೆದೆ.

ಮಾರ್ಚ್ 24, ಮಧ್ಯಾಹ್ನ

ಕ್ಯಾನ್ಸರ್ ಆಸ್ಪತ್ರೆಯ ಪೆಥಾಲಜಿ ಮೇಡಂ. ಬೆಳ್ಳಗಾದ ಕೂದಲು, ಮೇಜಿನ ಮೇಲೆ ಆರಿದ ಚಹಾ. ಇಬ್ಬರು ಒಟ್ಟಿಗೆ ನೋಡುವಂಥ ಮೈಕ್ರೋಸ್ಕೋಪು.

"ಬನ್ನಿ, ನೀವೂ ನೋಡಿ. ಈ ನೇರಳೆ ಗುಂಪು ಕಾಣ್ತಾ? ನಾಳದ ಗೋಡೆಗೆ ಅಂಟಿಲ್ಲ, ಸುಮ್ನೆ ಬಿದ್ಕೊಂಡಿದೆ. ಅಂಚಿನ ಆಚೆಗೂ ಚೆಲ್ಲಿದೆ."

"ಅಂದ್ರೆ?"

"ಈ ಗಡ್ಡೆ ಬೆಣ್ಣೆ ಇದ್ದ ಹಾಗೆ, ಮೆತ್ತಗೆ. ಅದಕ್ಕೇ ಮೊದಲು ಬಳ್ಳಿ ತುದಿ ಕತ್ತರಿಸಿ ಬೇರೆ ಇಟ್ಕೋಬೇಕು, ಆಮೇಲೆ ಬೀಜ ಸೀಳ್ಬೇಕು. ಬೀಜ ಸೀಳಿದ ಚಾಕೂಲೇ ಬಳ್ಳಿ ಕತ್ತರಿಸಿದ್ರೆ ಚಾಕುನೇ ಜೀವಕೋಶ ಹೊತ್ಕೊಂಡು ಹೋಗಿ ಅಲ್ಲಿಡುತ್ತೆ. ನೋಡೋರು ಗಡ್ಡೆ ಅಲ್ಲೀವರೆಗೂ ಹೋಗಿದೆ ಅಂದ್ಕೋತಾರೆ."

"ಹಾಗಾದ್ರೆ ರಿಪೋರ್ಟ್ ಸುಳ್ಳಾ?"

"ಅನುಮಾನ ಅಷ್ಟೇ, ಸುಳ್ಳು ಅನ್ಲಿಲ್ಲ. ಉಳಿದ ಬಳ್ಳಿ, ಗಡ್ಡೆ ಅವರ ಡಬ್ಬೀಲಿರುತ್ತೆ, ತರಿಸಿ. ಹೊಸ ಬ್ಲೇಡಲ್ಲಿ ಕತ್ತರಿಸಿ ನೋಡ್ತೀನಿ. ಬೇಗ ಹೋಗಿ ತಾಯಿ, ರಿಪೋರ್ಟ್ ಆದ ಡಬ್ಬಿ ಬಹಳ ದಿನ ಇಟ್ಕೊಳ್ಳಲ್ಲ."

ಅದೇ ದಿನ, ಸಂಜೆ

ಆಪರೇಷನ್ ಆದ ಆಸ್ಪತ್ರೆಯ ನೆಲಮಾಳಿಗೆ. ಫಾರ್ಮಾಲಿನ್ ಘಾಟಿಗೆ ಕಣ್ಣು ಉರಿ. ಕಪಾಟು ಖಾಲಿ.

ಸ್ಟೋರಿನವನು: "ಹಳೇ ಡಬ್ಬಿ ಎಲ್ಲಾ ಹಳದಿ ಚೀಲಕ್ಕೆ ಹಾಕಾಯ್ತಲ್ಲಮ್ಮಾ. ಸುಡೋಕೆ ಹೋಗುತ್ತೆ."

"ಹೋಯ್ತಾ?"

"ಇನ್ನೂ ಇಲ್ಲ. ಗಾಡಿ ಪಂಕ್ಚರ್ ಅಂತೆ."

ಹೊತ್ತಿಗೆ ಸರಿಯಾಗಿ ಬಾರದ ಕಸದ ಗಾಡಿಯ ಮೇಲೆ ಎಷ್ಟು ಪತ್ರ ಬರೆದವಳು ನಾನು! ಇವತ್ತು ಅದಕ್ಕೇ ಮನಸ್ಸಿನಲ್ಲಿ ಕೈಮುಗಿದೆ. ಅವನು ಗೊಣಗುತ್ತ ಚೀಲ ಬಿಚ್ಚಿದ. ಮೂರನೆಯದರಲ್ಲಿ ಇವರ ನಂಬರಿನ ಡಬ್ಬಿ. ಸಹಿ ಹಾಕಿ ತೆಗೆದುಕೊಂಡೆ.

ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಕೂತೆ. ಪಕ್ಕದ ಹೆಂಗಸು, "ಆಸ್ಪತ್ರೆಗೆ ಊಟಾನಾ?" ಎಂದಳು. ಹೂಂ ಎಂದೆ. ತಿರುವು ಬಂದಾಗಲೆಲ್ಲ ಎರಡೂ ಕೈಯಲ್ಲಿ ಅವುಚಿ ಹಿಡಿದೆ.

ಮಾರ್ಚ್ 25

ಇವರಿಗೆ ವಿವರಿಸಿದೆ.

"ಈರುಳ್ಳಿ ಹೆಚ್ಚಿದ ಚಾಕೂಲಿ ಹಣ್ಣು ಕತ್ತರಿಸಿದ್ರೆ ಮನೇನೇ ತಲೆ ಮೇಲೆ ಹೊತ್ಕೋತೀಯಲ್ಲೇ. ನಿನ್ನನ್ನ ಆ ಲ್ಯಾಬಲ್ಲಿ ಕೂರಿಸ್ಬೇಕಿತ್ತು."

ಲ್ಯಾಬಿಗೆ ಬರೆಯಲು ಕೂತೆ. ಎರಡು ಸಾಲಿಗೆ ಕೈ ನಿಂತಿತು. ಚಾಕು ಹೊತ್ತು ತಂದದ್ದಲ್ಲ, ನಿಜವಾಗಿಯೂ ಅಲ್ಲಿಯವರೆಗೆ ಹೋಗಿದೆ ಎಂದಾದರೆ? ಬೈಯಲು ಯಾರೂ ಸಿಗದಿದ್ದರೆ? ಲ್ಯಾಬಿನವರದು ತಪ್ಪಾಗಿರಲಿ ಎಂದು ಹಂಬಲಿಸುತ್ತಿದ್ದೇನೆ. ಜನ್ಮದಲ್ಲಿ ಇದೇ ಮೊದಲು.

ಮಾರ್ಚ್ 29

ಬಳ್ಳಿ ಶುಭ್ರ. ಬುಡದಿಂದ ತುದಿಯವರೆಗೆ ಎಲ್ಲ ತುಂಡುಗಳೂ ಶುಭ್ರ. ಅಲ್ಲಿದ್ದದ್ದು ಚಾಕು ಹೊತ್ತು ತಂದದ್ದೇ.

ಕುರ್ಚಿಯಲ್ಲೇ ಅತ್ತುಬಿಟ್ಟೆ. ಮೇಡಂ ತಡೆದರು.

"ಇನ್ನೊಂದಿದೆ. ಗಡ್ಡೆಯಿಂದಲೂ ಹೆಚ್ಚು ತುಂಡು ತಗೊಂಡೆ. ಒಂದು ಸಣ್ಣ ನಾಳದಲ್ಲಿ... ನೋಡಿ. ಇದು ಗೋಡೆ ಕಚ್ಕೊಂಡಿದೆ. ಇದು ಚಾಕು ತಂದಿದ್ದಲ್ಲ."

ನೋಡಿದೆ. ಕಚ್ಚಿಕೊಂಡಿತ್ತು.

ಮೊದಲ ಸ್ಟೇಜೇ. ಆದರೆ ಅದರಲ್ಲಿ ಅಪಾಯ ಹೆಚ್ಚಿರುವ ಬಗೆ. ಮೂರು ಸುತ್ತು ಬೇಡ; ಒಂದು ಸುತ್ತು ಕಿಮೋ, ಇಲ್ಲವೇ ಔಷಧಿಯಿಲ್ಲದೆ ರಕ್ತ, ಸ್ಕ್ಯಾನ್ ಮಾಡಿಸುತ್ತ ಕಾಯುವುದು. ಕಾಯುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಮರಳುತ್ತದೆ. ಹೊಟ್ಟೆಯ ಗ್ರಂಥಿಗಳಿಗೆ, ಇಲ್ಲವೇ ಶ್ವಾಸಕೋಶಕ್ಕೆ. ಬೇಗ ಹಿಡಿದರೆ ಆಗಲೂ ಗುಣವಾಗುತ್ತದಂತೆ. ಬೇಗ ಹಿಡಿದರೆ.

"ಕಾಯೋಣ. ನನ್ನ ಉಸಿರು ಮುಟ್ಟೋದು ಬೇಡ," ಎಂದರು ಇವರು.

"ಇಬ್ಬರಲ್ಲಿ ಒಬ್ಬರಿಗೆ ಬರುತ್ತೆ ರೀ!"

"ಬರದೇ ಇರೋ ಆ ಇನ್ನೊಬ್ಬ ನಾನೇ ಅಂದ್ಕೋ."

"ಏನೇ ಆದ್ರೂ ಆ ದಿನಾನೇ ಹೇಳ್ಬೇಕು. ಮಳೆಗಾಲದಿಂದ ಬೇಸಿಗೆವರೆಗೂ ಮುಚ್ಚಿಟ್ಕೊಂಡಿದ್ದು ನಾನು ಮರೆತಿಲ್ಲ."

"ನೀನು ಯಾವುದನ್ನ ಮರ್ತಿದ್ದೀಯ ಮಾರಾಯ್ತಿ? ಆಯ್ತು. ಆಣೆ."

ಏಪ್ರಿಲ್ 6

ಲ್ಯಾಬಿಗೆ ಪತ್ರ ಹಾಕಿದೆ. ಉತ್ತರವೂ ಬಂತು! ಕತ್ತರಿಸುವ ಮೇಜಿನ ಮೇಲೆ 'ಮೊದಲು ಬಳ್ಳಿ' ಎಂದು ಬರೆದು ಅಂಟಿಸಿದ್ದಾರಂತೆ. ಇಷ್ಟು ವರ್ಷದಲ್ಲಿ ನನ್ನ ಮಾತು ನಡೆದದ್ದು ಅದೊಂದೇ.

ಜೂನ್ 11, ಬೆಳಿಗ್ಗೆ ಆರೂವರೆ. ಈಜುಕೊಳದ ಬೆಂಚು

ರಕ್ತದ ಮಾರ್ಕರ್ ಈವರೆಗೆ ಸರಿಯಿದೆ. ಎದೆಯ ಸ್ಕ್ಯಾನ್ ಮುಂದಿನ ವಾರ. ಪ್ರತಿ ಸಲವೂ ಹಿಂದಿನ ವಾರವೇ ನನಗೆ ಅನ್ನ ಸೇರುವುದಿಲ್ಲ.

ಇವತ್ತು ಮೊದಲ ಸಲ ಮೊದಲಿನ ಹಾಗೆ ಒಂದೇ ಉಸಿರಿನಲ್ಲಿ, ನೀರಡಿಯಲ್ಲೇ ಆಚೆ ದಡ ಮುಟ್ಟುತ್ತಾರಂತೆ. "ನೋಡ್ತಿರು," ಎಂದು ಧುಮುಕಿದರು. ನೀಲಿಯಲ್ಲಿ ನೆರಳು ಸರಿಯುತ್ತಿದೆ. ಅರ್ಧ ದಾಟಿದರು. ನಾನೂ ಉಸಿರು ಹಿಡಿದಿದ್ದೇನೆ.

ಮುಟ್ಟಿದರು! ಎದ್ದರು. ಕೈ ಬೀಸಿದರು.

ಕೆಮ್ಮು. ಮೂಗಿಗೆ ನೀರು ಹೋಗಿರಬೇಕು. ಕೋಚ್ ಆದರೇನು, ಹೋಗುತ್ತದೆ.

ಮತ್ತೆ ಕೆಮ್ಮು. ಕಂಬಿ ಹಿಡಿದು ನಿಂತಿದ್ದಾರೆ. ಟವೆಲ್ ಎತ್ತಿಕೊಂಡರು. ಮಡಚುತ್ತಿದ್ದಾರೆ. ಒದ್ದೆ ಮೈ ಒರೆಸಿಕೊಳ್ಳದೆ ಟವೆಲ್ ಯಾಕೆ ಮಡಚು... ನನ್ನ ಕಡೆ ನೋಡುತ್ತಿಲ್ಲ, ಮಾರ್ಚಿನ ಆ ಬೆಳಿಗ್ಗೆಯ ಹಾಗೇ. ರೀ, ಈ ಕಡೆ