ಬೇಕರಿಯವನ ಹೆಂಡತಿಯ ರಕ್ತನಾಳಗಳು

ಟೋಲ್ ಗೇಟಿನ ಮಾನ್ಯ ಮೇಲಧಿಕಾರಿಗಳೇ,

ನಿಮ್ಮ ನಾಲ್ಕನೇ ಸಾಲಿನ ಬೂತಿನಲ್ಲಿ ಕೂತು ಚೀಟಿ ಹರಿಯುವ ನನ್ನ ಹೆಂಡತಿಗೆ ಗಾಳಿ ಬರಲೆಂದು ನೀವು ಹಾಕಿಸಿರುವ, ಹೊರಗಿನ ಗಾಳಿಯನ್ನು ಒಳಗೆಳೆಯುವ ಫ್ಯಾನಿನ ಬಾಯಿ, ಸರಿಯಾಗಿ ಲಾರಿಗಳ ಹೊಗೆಕೊಳವೆಯ ಎತ್ತರಕ್ಕೇ ಇದೆ. ಒಂದು ಪೈಪು ಜೋಡಿಸಿ ಅದನ್ನು ಚಾವಣಿಯ ಮೇಲಕ್ಕೆ ಒಯ್ಯಿರಿ ಎಂದು, ತನ್ನ ರಕ್ತನಾಳಗಳು ಕೆಟ್ಟಿರುವುದನ್ನೂ ತಿಳಿಸಿ, ಆಕೆ ಬೇಡಿಕೊಂಡಳು. ನಿಮ್ಮ ಕಚೇರಿಯಿಂದ ಉತ್ತರ ಬಂತು: "ಸದರಿ ನೌಕರರ ಪತಿ ಬೇಕರಿ ನಡೆಸುತ್ತಿರುವುದಾಗಿ ತಿಳಿದುಬಂದಿದ್ದು, ರಕ್ತನಾಳದ ತೊಂದರೆಗೆ ಮನೆಯ ಆಹಾರವೇ ಕಾರಣವೆಂದು ಅಭಿಪ್ರಾಯಪಡಲಾಗಿದೆ. ಸೊಪ್ಪು, ಹಣ್ಣು ಹೆಚ್ಚಾಗಿ ಬಳಸುವುದು." ಆ ಪತಿ ನಾನೇ.

ನಿಮ್ಮ ಊಹೆಗೆ ಆಧಾರವಿಲ್ಲವೆಂದು ನಾನು ಹೇಳಲಾರೆ. ನನ್ನನ್ನು ನೋಡಿದ ಯಾರಿಗಾದರೂ ಹಾಗೆಯೇ ಅನ್ನಿಸುತ್ತದೆ. ನನ್ನ ಹೊಟ್ಟೆ ನನಗಿಂತ ಮೊದಲೇ ಕೌಂಟರ್ ತಲುಪುತ್ತದೆ. ಬೂಟಿನ ಲೇಸು ಕಟ್ಟಲು ನನಗೆ ಕುರ್ಚಿಯ ಜೊತೆಗೆ ಸ್ವಲ್ಪ ಧೈರ್ಯವೂ ಬೇಕು. ಹೃದಯದ ಡಾಕ್ಟರರ ಕೋಣೆಗೆ ನಾವಿಬ್ಬರೂ ಹೋದಾಗ ಆ ಪುಣ್ಯಾತ್ಮರು ತಲೆಯೆತ್ತಿ ನೋಡಿದವರೇ ನನ್ನ ತೋಳಿಗೆ ಬಿ.ಪಿ. ನೋಡುವ ಪಟ್ಟಿ ಸುತ್ತಿಬಿಟ್ಟರು.

"ಎಷ್ಟು ದಿನದಿಂದ ಎದೆ ಬಿಗಿತ ಸ್ವಾಮಿ?"

"ನನಗಲ್ಲ ಡಾಕ್ಟ್ರೇ, ಇವಳಿಗೆ."

ಅವರು ನನ್ನನ್ನು ನೋಡಿದರು, ಅವಳನ್ನು ನೋಡಿದರು, ಮತ್ತೆ ನನ್ನನ್ನೇ ನೋಡಿದರು. "ನಿಜಾನಾ?" ಎಂದರು.

ಪರೀಕ್ಷೆಗಳೆಲ್ಲ ಮುಗಿದ ಮೇಲೆ ಅವಳ ಊಟ ಕೇಳಿದರು, ಕೆಲಸ ಕೇಳಿದರು. ಆಮೇಲೆ ಪೆನ್ನು ಕೆಳಗಿಟ್ಟರು. "ಹೊಗೇಲಿರೋ ಸಣ್ಣ ಕಣ ಮೂಗಲ್ಲೇ ನಿಲ್ಲಲ್ಲಮ್ಮ. ಶ್ವಾಸಕೋಶ ದಾಟಿ ರಕ್ತಕ್ಕೂ ಇಳಿಯುತ್ತೆ. ನಾಳದ ಒಳಮೈ ಕೆರಳುತ್ತೆ, ಪೆಡಸಾಗುತ್ತೆ, ಕೊಬ್ಬು ಕೂರೋಕೆ ಜಾಗ ಆಗುತ್ತೆ. ಹೊಗೆ ಒಂದೇ ಕಾರಣ ಅಂತ ನಾನು ಬರೆದುಕೊಡಲ್ಲ, ಅದರ ಪಾಲಿಲ್ಲ ಅಂತಾನೂ ಯಾರೂ ಹೇಳೋ ಹಾಗಿಲ್ಲ. ಸೊಪ್ಪು, ಹಣ್ಣು ಒಳ್ಳೇದೇ. ಆದ್ರೆ ದಿನವಿಡೀ ಹೊಗೆ ಕುಡಿದ್ರೆ ಪಾಪ, ಸೊಪ್ಪು ತಾನೆ ಎಷ್ಟು ಅಂತ ತಡೆಯುತ್ತೆ?" ನಾನು ಸುಮ್ಮನಿರಲಾರದೆ ತಲೆದೂಗಿದೆ. ಅವರು ನನ್ನ ಕಡೆ ತಿರುಗಿದರು: "ನೀವು ಖುಷಿಪಡಬೇಡಿ. ನಿಮ್ಮ ಸರದಿ ಇನ್ನೂ ಬಂದಿಲ್ಲ ಅಷ್ಟೆ."

ಇನ್ನು ನಿಮ್ಮ "ಮನೆಯ ಆಹಾರ"ದ ವಿಷಯ. ಬರೆಯಲು ಕೈ ಬರುತ್ತಿಲ್ಲ, ಯಾಕೆಂದರೆ ಈ ಬಹಿರಂಗ ಪತ್ರ ಅಚ್ಚಾಗುವ ಪತ್ರಿಕೆಯನ್ನು ನನ್ನ ಗಿರಾಕಿಗಳೂ ಓದುತ್ತಾರೆ. ಆದರೆ ನನ್ನಲ್ಲಿರುವ ಸಾಕ್ಷ್ಯ ಇದೊಂದೇ. ಮದುವೆಯಾದ ಮೊದಲ ವರ್ಷ ಬಿಟ್ಟರೆ ನನ್ನ ಹೆಂಡತಿ ನನ್ನ ಬೇಕರಿಯ ಒಂದು ಚೂರನ್ನೂ ಬಾಯಿಗೆ ಹಾಕಿದವಳಲ್ಲ. ಯಾಕೆಂದು ಕೇಳಿದರೆ ಉತ್ತರ ತಯಾರಿರುತ್ತಿತ್ತು: "ಬೋರ್ಡಲ್ಲಿ ಬೆಣ್ಣೆ ಬಿಸ್ಕತ್ತು ಅಂತಿದೆ. ಒಳಗೆ ನೀವು ಯಾವ ಡಬ್ಬ ತೆಗೀತೀರಿ ಅಂತ ಕಣ್ಣಾರೆ ನೋಡಿದೀನಲ್ಲ ರೀ!" ಡಬ್ಬದಲ್ಲಿದ್ದದ್ದು ಬೆಣ್ಣೆಗಿಂತ ಅಗ್ಗದ ವನಸ್ಪತಿ ಕೊಬ್ಬು. ಅದು ರಕ್ತನಾಳಕ್ಕೆ ಏನು ಮಾಡುತ್ತದೆಂದು ಡಾಕ್ಟರು ನನಗೆ ಪ್ರತ್ಯೇಕವಾಗಿ, ಏರುದನಿಯಲ್ಲಿ ತಿಳಿಸಿಕೊಟ್ಟಿದ್ದಾರೆ. ಅದನ್ನು ತಿಂದವನು ನಾನು, ಬೀದಿಗೆಲ್ಲ ತಿನ್ನಿಸಿದವನೂ ನಾನು. ಅವಳು ತಿಂದದ್ದು ನೀವು ಬರೆದು ಕಳಿಸಿದ ಅದೇ ಸೊಪ್ಪು, ಅದೇ ಹಣ್ಣು. ನನ್ನ ಮಾನವನ್ನು ನಾನೇ ಹರಾಜಿಗಿಟ್ಟು ಹೇಳುತ್ತಿದ್ದೇನೆ: ಆ ರಕ್ತನಾಳಗಳಲ್ಲಿ ನನ್ನ ಕೈವಾಡವಿಲ್ಲ.

ಆ ಡಬ್ಬ ಈಗ ನನ್ನ ಅಂಗಡಿಯಲ್ಲಿಲ್ಲ. ಬೋರ್ಡು ನಿಜ ಹೇಳುತ್ತಿದೆ, ಬೆಲೆ ಏರಿದೆ, ಗಿರಾಕಿಗಳು ಮುಖ ಸಿಂಡರಿಸುತ್ತಿದ್ದಾರೆ. ನನ್ನಂಥ ಜಿಪುಣ ಒಂದು ಡಬ್ಬ ಬದಲಿಸಬಹುದಾದರೆ, ನಿಮ್ಮಂಥ ದೊಡ್ಡ ಕಚೇರಿ ಒಂದು ಪೈಪು ಹಾಕಿಸಬಾರದೇ?

ನಿಜವಾದ ಬೆಣ್ಣೆಯ ಮೊದಲ ಬನ್ ಬೆಂದ ದಿನ ಅದಕ್ಕೆ ಬೆಳ್ಳನೆಯ ಐಸಿಂಗ್ ಬಳಿದು, ಹೊಸ ಮದುಮಗನ ಸಂಭ್ರಮದಲ್ಲಿ ನಿಮ್ಮ ಬೂತಿಗೆ ನಾನೇ ಒಯ್ದು ಕೊಟ್ಟೆ. ಅವಳು ನಕ್ಕು ತೆಗೆದುಕೊಂಡಳು. ಸಂಜೆ ಹಾಗೆಯೇ ಹಿಂದಕ್ಕೆ ತಂದಾಗ ನನಗೆ ರೇಗಿ ಹೋಯಿತು. "ಇನ್ನೂ ನಂಬಿಕೆ ಇಲ್ವಾ?" ಎಂದು ಕೂಗಾಡಿದೆ. ಅವಳು ಕಾಗದ ಬಿಚ್ಚಿ ತೋರಿಸಿದಳು. ಐಸಿಂಗಿನ ಮೇಲೆ ಕಪ್ಪು ಪುಡಿ ಕೂತಿತ್ತು.

"ತಿನ್ನೋಣ ಅಂತಾನೇ ಬಿಚ್ಚಿಟ್ಟಿದ್ದೆ ರೀ. ಲಾರಿ ಸಾಲು ಬಿಡಲೇ ಇಲ್ಲ. ಆಮೇಲೆ ನೋಡಿದ್ರೆ ಹೀಗಾಗಿತ್ತು."

ಆ ಮೊದಲ ವರ್ಷದ ನಂತರ ಅವಳು ತಿನ್ನಲು ಒಪ್ಪಿದ ಒಂದೇ ಒಂದು ಬನ್ನನ್ನು ನಿಮ್ಮ ಫ್ಯಾನು ತಿಂದಿತು. ಅದೀಗ ನನ್ನ ಗಾಜಿನ ಕಪಾಟಿನಲ್ಲಿದೆ; ಚಾಕೊಲೇಟ್ ಬನ್ ಎಂದು ತಿಳಿದು ಇಬ್ಬರು ಬೆಲೆ ಕೇಳಿದರು. ಬನ್ನಿನ ಮೇಲೆ ಕೂತದ್ದು ನನ್ನ ಕಣ್ಣಿಗೆ ಕಾಣಿಸಿತು. ಅವಳೊಳಗೆ ಕೂತದ್ದನ್ನು ನಾನು ಹೇಗೆ ನೋಡಲಿ?

ಮನೆಯ ಮೆಟ್ಟಿಲಿನ ಅರ್ಧದಲ್ಲಿ ಅವಳೀಗ ನಿಲ್ಲುತ್ತಾಳೆ. ಪಕ್ಕದ ಮನೆಯವರು ಒಣಹಾಕಿದ ಬಟ್ಟೆ ನೋಡುವವಳ ಹಾಗೆ ನಟಿಸುತ್ತಾಳೆ. ಹಿಂದೆ ಏದುಸಿರು ಬಿಡುತ್ತಾ ಬರುವ ನಾನೂ ಬಟ್ಟೆ ನೋಡುತ್ತೇನೆ. ನನಗೆ ಭಯವಾಗುತ್ತಿದೆ, ಸ್ವಾಮಿ.

ಆದ್ದರಿಂದ ಈ ವಾರದೊಳಗೆ ಪೈಪು ಹಾಕಿಸಿ. ಅಲ್ಲಿಯತನಕ ಅವಳಿಗೆ ಒಳಗಿನ ಕೋಣೆಯಲ್ಲಿ ಕೆಲಸ ಕೊಡಿ. ಹೊಗೆಯಿಂದ ಏನೂ ಆಗದೆಂಬ ಅಭಿಪ್ರಾಯ ಇನ್ನೂ ಗಟ್ಟಿಯಾಗಿದ್ದರೆ ನನ್ನ ಅಂಗಡಿಗೆ ದಯಮಾಡಿಸಿ, ಕಪಾಟಿನಲ್ಲಿರುವ ಬನ್ನನ್ನು ನನ್ನೆದುರು ತಿಂದು ತೋರಿಸಿ. ನಾನಂತೂ ನಾಳೆ ಇನ್ನೊಂದು ಬೇಯಿಸುತ್ತೇನೆ. ಅದು ಬೆಳ್ಳಗಿರುವಾಗಲೇ ಅವಳು ತಿನ್ನುವುದನ್ನು ನಾನು ನೋಡಬೇಕು.

ಇಂತಿ,
ಸ್ವಂತ ಹೆಂಡತಿಯೇ ಗಿರಾಕಿಯಾಗದ
ಒಬ್ಬ ಬೇಕರಿಯವನು