ಅಟಾಲ್ ಪದಕ್ಕೆ ಒಂದು ಅಂಕ

ಪುತ್ತಿಗೆಯ ದೊಡ್ಡಪ್ಪನಿಗೆ ಮಾಲ್ಡೀವ್ಸಿನಿಂದ ಸಾತ್ವಿಕಾಳ ನಮಸ್ಕಾರ.

ಇಲ್ಲಿಯ ಶಾಲೆಯಲ್ಲಿ ಇಂಗ್ಲಿಷ್ ಕಲಿಸಲು ತೊಡಗಿ ಎರಡು ತಿಂಗಳಾಯಿತು. ಮೊನ್ನೆಯ ಪರೀಕ್ಷೆಯಲ್ಲಿ ‘ಅಟಾಲ್’ ಎಂಬ ಇಂಗ್ಲಿಷ್ ಪದದ ಅರ್ಥ ಮತ್ತು ಮೂಲ ಕೇಳಿದ್ದರು. ಏಳನೆಯ ತರಗತಿಯ ಹವ್ವಾ ಎಂಬ ಹುಡುಗಿ, “ಬಳೆಯ ಹಾಗೆ ಸುತ್ತುಗಟ್ಟಿ ನಿಂತ ಹವಳದ ದ್ವೀಪಗಳು. ಇದು ನಮ್ಮ ದಿವೇಹಿ ಭಾಷೆಯ ಪದ” ಎಂದು ಬರೆದಿದ್ದಳು. ನಮಗೆ ಕೊಟ್ಟ ಉತ್ತರಪಟ್ಟಿಯಲ್ಲಿ ಗ್ರೀಕ್ ಎಂದಿತ್ತು. ನಾನು ಸೊನ್ನೆ ಹಾಕಿದೆ.

“ಟೀಚರ್, ಇದು ನಮ್ಮಜ್ಜಿ ದಿನಾ ಹೇಳುವ ಪದ. ಅವರಿಗೆ ಗ್ರೀಕ್ ಬರ್ತದಾ?” ಎಂದು ಹವ್ವಾ ಕೇಳಿದಳು. ದೊಡ್ಡ ನಿಘಂಟು ತೆರೆದು ನೋಡಿದರೆ ಅವಳು ಬರೆದದ್ದೇ ಸರಿ. ನನಗೆ ನಾಚಿಕೆಯಾಯಿತು.

ನಮ್ಮ ವಿಭಾಗದ ಮುಖ್ಯಸ್ಥರು ನಮ್ಮ ಕಡೆಯವರೇ, ಮಾಣಿ ಊರಿನ ಅಶೋಕ್ ಸರ್. ಅವರಲ್ಲಿ ಹೇಳಿದೆ. “ಅವರ ಭಾಷೆ ಅವರಿಗೆ ಗೊತ್ತುಂಟು ಮಾರಾಯ್ತಿ, ಆದರೆ ಉತ್ತರಪಟ್ಟಿಗೆ ಗೊತ್ತಿಲ್ಲವಲ್ಲ. ಅರ್ಧ ಅಂಕ ಕೊಡುವ, ಯಾರಿಗೂ ಬೇಜಾರಾಗುವುದು ಬೇಡ” ಎಂದರು.

ನಾನು ಪೂರ್ತಿ ಅಂಕ ಕೊಟ್ಟೆ. ತರಗತಿಯಲ್ಲೇ ಹವ್ವಾಳ ಕ್ಷಮೆಯನ್ನೂ ಕೇಳಿದೆ. ಉತ್ತರಪಟ್ಟಿಯನ್ನು ಮೀರಿದ್ದಕ್ಕೆ ಲಿಖಿತ ವಿವರಣೆ ಬೇಕೆಂದು ಮರುದಿನವೇ ಕಚೇರಿಯಿಂದ ಚೀಟಿ ಬಂತು.

ಆರೋಗ್ಯ ಚೆನ್ನಾಗಿದೆ. ಮೂರು ಹೊತ್ತೂ ಮೀನು. ಈ ಕಡೆ ಬರುವವರಿದ್ದರೆ ಎರಡು ಕೆ.ಜಿ. ಕುಚ್ಚಲಕ್ಕಿ ಕಳಿಸಿಕೊಡಿ. ಕಾರ್ಡಿನಲ್ಲಿ ಜಾಗ ಮುಗಿಯುತ್ತಾ ಬಂತು. ವಿವರಣೆ ಬರೆಯಲು ಕಚೇರಿಯವರು ಚೀಟಿಯ ಜೊತೆ ಎರಡು ಖಾಲಿ ಪುಟ ಕೊಟ್ಟಿದ್ದರು. ನಾನು “ತಪ್ಪು ನನ್ನದು, ಅಂಕ ಹವ್ವಾಳದು” ಎಂದಷ್ಟೇ ಬರೆದು ಕೊಟ್ಟು ಬಂದೆ.

ನಿಮ್ಮ ಸಾತ್ವಿಕಾ