ಅನಂತರಾಮು ಕಾರಿಗೆ ನಾನು ಕಟ್ಟಿದ ಹಾರ

ಬನಶಂಕರಿ ಎರಡನೇ ಹಂತ,
ಬೆಂಗಳೂರು.
22-10-1996, ಮಂಗಳವಾರ

ಪ್ರೀತಿಯ ಜಯದೇವಿಗೆ,

ನಿನ್ನ ಮೊಣಕಾಲು ಹೇಗಿದೆ? ದಾವಣಗೆರೆ ಮನೆಯ ಮಹಡಿ ಮೆಟ್ಟಿಲು ಹತ್ತಿ ಇಳಿದು ನೋವು ಜಾಸ್ತಿ ಮಾಡಿಕೊಳ್ಳಬೇಡ. ಶಾಂಭವಿಗೆ ಹಾಲು ಸಾಕಾಗುತ್ತಿದೆಯೇ? ಮೊಮ್ಮಗ ನಿಮ್ಮನ್ನು ಮಲಗಲು ಬಿಡುತ್ತಾನೆಯೇ? ಮೂಗು ನನ್ನ ಹಾಗೇ ಇದೆ ಅಂತ ಅಳಿಯಂದಿರು ಫೋನಿನಲ್ಲಿ ಹೇಳಿದರು. ನೀನು ಹೇಳಲಿಲ್ಲ, ಅದನ್ನು ಗಮನಿಸಿದ್ದೇನೆ. ಬೀಗಿತಿಯವರ ಕಾಲಿನ ಪ್ಲಾಸ್ಟರು ತೆಗೆದರೇ? ಪಾಪ, ಅವರು ಜಾರಿ ಬೀಳದಿದ್ದರೆ ಬಾಣಂತನಕ್ಕೆ ಮಗಳೇ ಇಲ್ಲಿಗೆ ಬರುತ್ತಿದ್ದಳು, ನಾನು ಎರಡು ತಿಂಗಳಿಂದ ಕೆಂಪಕ್ಕನ ಕೈ ಅಡುಗೆ ತಿನ್ನಬೇಕಾಗುತ್ತಿರಲಿಲ್ಲ. ಅವಳ ಸಾರಿನಲ್ಲಿ ಸಾರವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇರುತ್ತದೆ. ಆರೋಗ್ಯವಾಗಿದ್ದೇನೆ. ಫೋನು ಮಾಡದೆ ಕಾಗದ ಯಾಕೆ ಬರೆಯುತ್ತಿದ್ದೇನೆಂದರೆ, ಆ ಮನೆಯ ಫೋನಿರುವುದು ನಡುಮನೆಯಲ್ಲಿ. ಇದು ಬೀಗರ ಕಿವಿಗೆ ಬೀಳುವ ವಿಷಯವಲ್ಲ.

ನಿನ್ನ ಹೋದ ವಾರದ ಕಾಗದ ತಲುಪಿತು. ಮೂರನೇ ತಾರೀಕು ಭಾನುವಾರ ಬಾಣಂತಿ, ಮಗುವನ್ನು ಕರೆದುಕೊಂಡು ಹೊರಡುತ್ತೇವೆ ಅಂತ ಓದಿ ಕುಣಿದೆ. ಮುಂದಿನ ಸಾಲು ಓದಿ ಕೂತೆ. "ಹಸುಗೂಸು ಇದೆ, ನಿಮ್ಮ ಗಾಡಿ ಬೇಡ್ರೀ. ಅನಂತರಾಮು ಅವ್ರು ತಮ್ಮ ಹೊಸ ಕಾರು ತಗೊಂಡು ಬರ್ತೀನಿ ಅಂದಿದಾರೆ." ನಮ್ಮ ಎದುರು ಮನೆಯ, ಬ್ಯಾಂಕಿನಿಂದ ರಿಟೈರ್ ಆದ ಅನಂತರಾಮು! ಅವರನ್ನು ಯಾವಾಗ ಕೇಳಿದೆ? ನೀನು ಹೊರಟ ದಿನ ಅವರೇ ಮೆಜೆಸ್ಟಿಕ್ಕಿಗೆ ಬಿಟ್ಟರಲ್ಲ, ಆಗಲೇ ಇರಬೇಕು. ನಾನು ಹಿಂದಿನ ಸೀಟಿನಲ್ಲಿ ನಿನ್ನ ಟ್ರಂಕು ತಬ್ಬಿಕೊಂಡು ಕೂತಿದ್ದೆ. ನೀನು ಮುಂದೆ ಕೂತು "ಕೂತಿದ್ದೇ ಗೊತ್ತಾಗಲ್ವಲ್ಲಪ್ಪಾ ಇದ್ರಲ್ಲಿ" ಅಂದೆ. ಇಪ್ಪತ್ತೊಂದು ವರ್ಷ ನನ್ನ ಫಿಯೆಟ್ಟಿನಲ್ಲಿ ಕೂತು ನೀನು ಹೇಳಿದ ಮಾತೆಂದರೆ "ಕಿಟಕಿ ಏರಿಸ್ರೀ" ಒಂದೇ. ಅವತ್ತಿನಿಂದ ನನಗೆ ಎದೆಯುರಿ. ಕೆಂಪಕ್ಕ ಜೀರಿಗೆ ಕಷಾಯ ಕೊಡುತ್ತಾಳೆ, ಪ್ರಯೋಜನವಿಲ್ಲ.

ನ್ಯಾಯವಾಗಿ ನೋಡು ಜಯಾ. ಅವರದೂ ನಾಲ್ಕು ಸಿಲಿಂಡರ್, ನನ್ನದೂ ನಾಲ್ಕು. ಎರಡೂ ಕುಡಿಯುವುದು ಪೆಟ್ರೋಲೇ. ಅವರದು 1298 ಸಿಸಿ, ನನ್ನದು 1089. ಅವರದು ಅರವತ್ತೈದು ಕುದುರೆ ಶಕ್ತಿ ಅಂತ ಹಾಲಿನವನಿಗೂ ಹೇಳುತ್ತಾರೆ. ನನ್ನದು ನಲವತ್ತು ಚಿಲ್ಲರೆ, ಅದರಲ್ಲೂ ಹತ್ತು ಕುದುರೆ ಈಚೆಗೆ ಲಾಯ ಬಿಟ್ಟು ಓಡಿಹೋಗಿರಬೇಕು. ಅವರ ಇಂಜಿನ್ನಿನಲ್ಲಿ ವಾಲ್ವು ತೆರೆಯುವ ಕ್ಯಾಮ್ ಶಾಫ್ಟು ತಲೆಯ ಮೇಲೇ ಕೂತಿದೆ, ಸದ್ದಿಲ್ಲ. ನನ್ನದರಲ್ಲಿ ಅದು ಕೆಳಗೆ ಕೂತು ಉದ್ದ ಕಡ್ಡಿಗಳಿಂದ ವಾಲ್ವುಗಳನ್ನು ತಿವಿಯುತ್ತದೆ, ಅದಕ್ಕೇ ನಿನಗೆ ತಲೆನೋವು ತರುವ ಆ ಟಕಟಕ. ಅವರದು ಅಲ್ಯೂಮಿನಿಯಂ ಬ್ಲಾಕು, ನನ್ನದು ಬೀಡು ಕಬ್ಬಿಣ. ಅವರ ಫ್ಯಾನು ಕರೆಂಟಿನದು, ಇಂಜಿನ್ ಬಿಸಿಯಾದರೆ ಮಾತ್ರ ಏಳುತ್ತದೆ, ಸರ್ಕಾರಿ ಆಫೀಸಿನ ಹಾಗೆ. ನನ್ನದು ಬೆಲ್ಟಿನ ಫ್ಯಾನು, ಚಳಿಯಿರಲಿ ಸೆಕೆಯಿರಲಿ ನಿನ್ನ ಹಾಗೆ ಸುತ್ತುತ್ತಲೇ ಇರುತ್ತದೆ. ಕಿಡಿ ಹೊತ್ತುವ ಸರದಿ ಒಂದು, ಮೂರು, ನಾಲ್ಕು, ಎರಡು. ನಮ್ಮ ನಾಲ್ಕು ಮಕ್ಕಳು ಊಟಕ್ಕೆ ಬರುತ್ತಿದ್ದದ್ದೂ ಅದೇ ಸರದಿಯಲ್ಲಿ, ಎರಡನೆಯವಳು ಶಾಂಭವಿ ಯಾವತ್ತೂ ಕೊನೆ. ಇಷ್ಟು ವರ್ಷದಲ್ಲಿ ಎರಡು ಸಲ ಸವೆದ ಸಿಲಿಂಡರು ಕೊರೆಸಿ ಬೋರು ಮಾಡಿಸಿದ್ದೇನೆ. ಅದರ ಕಥೆ ಹೇಳಿ ನಿನಗೆ ಬೋರು ಹೊಡೆಸಿದ್ದು ಎಷ್ಟು ಸಲವೋ. ಆದರೆ ಒಂದು ದಿನವಾದರೂ ನಿನ್ನನ್ನು ನಡುದಾರಿಯಲ್ಲಿ ಇಳಿಸಿದೆಯೇ? ತುಮಕೂರಿನ ಹತ್ತಿರ ಇಳಿಸಿದ್ದು ಪೆಟ್ರೋಲು ಖಾಲಿಯಾಗಿ, ಅದು ನನ್ನ ತಪ್ಪು, ಇಂಜಿನ್ನಿನದಲ್ಲ. ಇನ್ನು ಇಂಜಿನ್ ಅಂದರೇನು? ಹೊಟ್ಟೆಯೊಳಗೆ ಕಿಚ್ಚು ಹೊತ್ತಿ ಓಡುವ ವಸ್ತು. ಆ ಲೆಕ್ಕದಲ್ಲಿ ಈ ರಸ್ತೆಯಲ್ಲಿ ಅತಿ ಶಕ್ತಿಶಾಲಿ ಇಂಜಿನ್ ನಾನೇ.

ಈಗ ಮೊನ್ನೆ ಭಾನುವಾರದ ಆಯುಧಪೂಜೆಗೆ ಬರುತ್ತೇನೆ. ನಮ್ಮ ರಸ್ತೆಯ ಗಾಡಿಗಳಿಗೆಲ್ಲ ಹಾರ ಕಟ್ಟುವ ಕೆಲಸ ಪ್ರತಿ ವರ್ಷವೂ ನನ್ನದೇ ಅಂತ ನಿನಗೆ ಗೊತ್ತು. ಈ ಸಲ ನನ್ನ ಗಾಡಿಗೆ ಒಂದು ಮೊಳ ಹೂವು ಕಟ್ಟಿದೆ. ಅನಂತರಾಮು ಕಾರಿನ ಮುಂದಿನ ಜಾಲರಿಗೆ ಮೂರು ಸುತ್ತು ದಪ್ಪ ಸೇವಂತಿಗೆ ಹಾರ, ಅದರ ಹಿಂದೆ ಬಾಳೆಲೆ, ಅದರ ಹಿಂದೆ ಹಾರ ಜೋಲಬಾರದು ಅನ್ನುವ ನೆಪದಲ್ಲಿ ಸೀರೆ ಡಬ್ಬದ ರಟ್ಟು. ಒಂದು ಸೊಳ್ಳೆ ಕೂಡ ಒಳಗೆ ಹೋಗುವ ಹಾಗಿರಲಿಲ್ಲ. ಇನ್ನು ಗಾಳಿ ಎಲ್ಲಿಂದ ಹೋದೀತು? ರೇಡಿಯೇಟರಿಗೆ ಗಾಳಿ ಸಿಗದಿದ್ದರೆ ಒಳಗಿನ ನೀರು ಕುದಿಯುತ್ತದೆ ಅಂತ ಗೊತ್ತಿದ್ದೇ ಕಟ್ಟಿದೆ. ಅನಂತರಾಮು ಕೈ ಮುಗಿದು "ಎಷ್ಟು ಪ್ರೀತಿಯಿಂದ ಮಾಡಿದೀರಾ ಕೊಟ್ರಪ್ಪನವ್ರೇ, ನನ್ನ ಕಾರಿಗೇ ಜಾಸ್ತಿ ಹೂವು!" ಅಂದರು. ಅವರ ಮನೆಯವರು ಗಂಧ ಮೆತ್ತಿ ಒಂದು ಸೇವಂತಿಗೆಯನ್ನು ಡ್ಯಾಶ್‌ಬೋರ್ಡಿನ ಗಾಜಿಗೆ ಅಂಟಿಸಿದರು. ಅದು ಸರಿಯಾಗಿ ಕೂತದ್ದು ಬಿಸಿ ತೋರಿಸುವ ಮುಳ್ಳಿನ ಮೇಲೆ. ಅದು ನನ್ನ ಕೈವಾಡವಲ್ಲ, ನಿನ್ನಾಣೆ.

ಪೂಜೆಯಾದ ಮೇಲೆ ಎರಡೂ ಗಾಡಿ ಸುಬ್ರಹ್ಮಣ್ಯಪುರದ ಆಚೆಯ ಗುಡಿಗೆ ಹೊರಟವು. ನನ್ನ ಲೆಕ್ಕ ಇಷ್ಟೇ ಇತ್ತು. ಏರಿನಲ್ಲಿ ಅವರ ಬಾನೆಟ್ಟಿನಿಂದ ಒಂದು ಚೂರು ಹಬೆ ಬರಬೇಕು, ಅವರು ನಿಲ್ಲಿಸಬೇಕು, ನಾನು ಹಿಂದಿನಿಂದ ಬಂದು "ಏನ್ ಸಾರ್, ಕಾಫಿ ಕಾಯಿಸ್ತಿದೀರಾ?" ಅನ್ನಬೇಕು. ಹಾರ ಸಡಿಲಿಸಿ, ಆರಿದ ಮೇಲೆ ನೀರು ಹಾಕಿದರೆ ಮುಗಿಯಿತು. ಹೊಸ ಕಾರು ಕುದಿಯಿತಂತೆ ಅನ್ನುವ ಸುದ್ದಿ ದಾವಣಗೆರೆ ಮುಟ್ಟಿದರೆ ನೀನು ನನ್ನ ಫಿಯೆಟ್ಟೇ ಬರಲಿ ಅನ್ನುತ್ತೀಯ. ಹಾರ ಕಟ್ಟಿದ ಲಾರಿಗಳ ಹಿಂದೆ ಕತ್ರಿಗುಪ್ಪೆಯಿಂದ ಉತ್ತರಹಳ್ಳಿವರೆಗೆ ಫಸ್ಟು, ಸೆಕೆಂಡು ಗೇರಿನಲ್ಲೇ ತೆವಳಿದೆವು. ಉತ್ತರಹಳ್ಳಿ ದಾಟುವ ಹೊತ್ತಿಗೆ ಅವರ ಬಾನೆಟ್ಟಿನ ಅಂಚಿನಲ್ಲಿ ಹಬೆ ಕಂಡಿತು. ನನಗೆ ಖುಷಿಯಾಯಿತು. ಆದರೆ ಅನಂತರಾಮು ನಿಲ್ಲಿಸಲಿಲ್ಲ! ಊದುಬತ್ತಿ ಹೊಗೆ ಅಂದುಕೊಂಡರಂತೆ. ಮುಳ್ಳು ಹೂವಿನ ಕೆಳಗೆ. ಅವರ ಮನೆಯವರು ಸುಟ್ಟ ವಾಸನೆ ಬರ್ತಿದೆ ಅಂದಾಗ "ಪೂಜೆ ಹೂವು ಕಣೇ, ನಾಳೆವರೆಗೂ ಮುಟ್ಟಬಾರ್ದು" ಅಂದರಂತೆ. ಸರಿ, ತಮಾಷೆ ಸಾಕು, ಮುಂದೆ ಹೋಗಿ ನಿಲ್ಲಿಸೋಣ ಅಂತ ಹಾರ್ನ್ ಒತ್ತಿದೆ. ಅವರು ಕನ್ನಡಿಯಲ್ಲಿ ನೋಡಿ, ಕೊಟ್ರಪ್ಪ ರೇಸಿಗೆ ಕರೆಯುತ್ತಿದ್ದಾನೆ ಅಂದುಕೊಂಡು, ಕಿಟಕಿಯಿಂದ ಕೈ ಬೀಸಿ, ಆಕ್ಸಿಲರೇಟರ್ ತುಳಿದರು. ನಾನೂ ತುಳಿದೆ. ಜಯಾ, ನೆಲಕ್ಕೆ ಮುಟ್ಟುವಷ್ಟು ತುಳಿದೆ. ನನ್ನ ನಲವತ್ತು ಕುದುರೆ ಟಕಟಕ ಅಂದವೇ ಹೊರತು ಒಂದು ಗೇಣೂ ಹತ್ತಿರ ಹೋಗಲಿಲ್ಲ. ಅವರನ್ನು ಸೋಲಿಸಲಿಕ್ಕೆ ಹೊರಟವನಿಗೆ ಅವರನ್ನು ಉಳಿಸಲಿಕ್ಕಾದರೂ ಹಿಡಿಯಲಾಗಲಿಲ್ಲ.

ಸುಬ್ರಹ್ಮಣ್ಯಪುರದ ಏರಿನ ಅರ್ಧದಲ್ಲಿ ಅವರ ಕಾರು ನಿಂತಿತ್ತು. ಹಬೆ ಅಲ್ಲ, ಮೋಡ. ಅನಂತರಾಮು ರಸ್ತೆ ಬದಿಯ ಕಲ್ಲಿನ ಮೇಲೆ ಕೂತಿದ್ದರು, ಕಣ್ಣಲ್ಲಿ ನೀರು. "ಏನ್ ಸಾರ್" ಅಂತ ಬಾಯಿ ತೆರೆದವನಿಗೆ ಕಾಫಿ ಹೊರಗೆ ಬರಲಿಲ್ಲ. "ನನ್ನ ದೃಷ್ಟಿನೇ ತಾಕ್ತು ಕೊಟ್ರಪ್ಪನವ್ರೇ," ಅಂದರು, "ಬೀದಿಯೋರಿಗೆಲ್ಲ ಸಿಸಿ ಸಿಸಿ ಅಂತ ಹೇಳ್ಕೊಂಡು ತಿರುಗಿದ್ನಲ್ಲ. ಪುಟ್ಟ ಮಗೂನ ಕರ್ಕೊಂಡು ಬರ್ತೀನಿ ಅಂತ ಜಯದೇವಮ್ಮನಿಗೆ ಮಾತು ಕೊಟ್ಟಿದ್ದೆ." ಹಗ್ಗ ಕಟ್ಟಿ ನನ್ನ ಫಿಯೆಟ್ಟಿನಲ್ಲೇ ಎಳೆದುಕೊಂಡು ಬಂದೆ. ಎರಡು ತಿಂಗಳಿಂದ ಇದೇ ಕನಸು ಕಂಡಿದ್ದೆ, ಮುಂದೆ ನನ್ನದು, ಹಿಂದೆ ಹಗ್ಗದಲ್ಲಿ ಅವರದು. ರಸ್ತೆಯವರೆಲ್ಲ ಗೇಟಿಗೆ ಬಂದು ನೋಡಿದರು. ನಾನು ಯಾರ ಮುಖವನ್ನೂ ನೋಡಲಿಲ್ಲ.

ಕತ್ರಿಗುಪ್ಪೆಯ ನಮ್ಮ ಮೆಕ್ಯಾನಿಕ್ ಬೋರಣ್ಣ ನಿನ್ನೆ ವಿಜಯದಶಮಿ ಅಂತಲೂ ನೋಡದೆ ಬಂದು ಬಿಚ್ಚಿದ. "ಹೆಡ್ ಗ್ಯಾಸ್ಕೆಟ್ ಹೋಗೈತೆ ಸಾರ್, ಹೆಡ್ಡೂ ಸೊಟ್ಟಗಾಗೈತೆ. ಲೇತಿಗೆ ಕಳ್ಸಿ ಮಟ್ಟ ಮಾಡಿಸ್ಬೇಕು" ಅಂದ. ಇಂಜಿನ್ನಿನಲ್ಲಿ ಏನೂ ದೋಷವಿಲ್ಲ, ಉಸಿರು ಕಟ್ಟಿಸಿದರೆ ಯಾವ ಇಂಜಿನ್ ಆದರೂ ಇದೇ ಗತಿ ಅಂತಲೂ ಅಂದ. ಹಾಗಂದು ನನ್ನ ಕಡೆ ಒಂದು ಸಲ ನೋಡಿದ. ಸೊಟ್ಟ ತಲೆ ಅವರ ಕಾರಿನದಲ್ಲ, ನನ್ನದು. ಲೇತಿನವನು ನನ್ನದನ್ನು ಮಟ್ಟ ಮಾಡಿಕೊಡಲಾರ.

ಹೀಗಿರುವುದರಿಂದ ಮೂರನೇ ತಾರೀಕು ನಾನೇ ಫಿಯೆಟ್ ತರುತ್ತೇನೆ. ಬೋರಣ್ಣ ಪ್ಲಗ್ಗು, ಫ್ಯಾನ್ ಬೆಲ್ಟು ಹೊಸದು ಹಾಕಿದ್ದಾನೆ, ಆಯಿಲ್ ಬದಲಿಸಿದ್ದಾನೆ. ಮಗುವಿಗೆ ಗಾಳಿ ಬಡಿಯದಂತೆ ಕಿಟಕಿಗಳ ರಬ್ಬರನ್ನೂ ಬದಲಿಸಿದ್ದೇನೆ. ಹಾರದ ಹಿಂದಿನ ರಟ್ಟಿನ ವಿಷಯ ಮಾತ್ರ ನಿನ್ನ ಹೊಟ್ಟೆಯಲ್ಲೇ ಇರಲಿ. ಅನಂತರಾಮುಗೆ ಗೊತ್ತಾದರೆ ನಾನು ಎದುರು ಬಾಗಿಲು ತೆರೆಯುವ ಹಾಗಿಲ್ಲ.

ಶಾಂಭವಿಗೆ, ಅಳಿಯಂದಿರಿಗೆ ಆಶೀರ್ವಾದ, ಬೀಗರಿಗೆ ಶರಣು. ನನ್ನ ಮೂಗಿನ ಒಡೆಯನಿಗೆ ಕೆನ್ನೆಗೊಂದು, ಮೂಗಿಗೆರಡು ಮುತ್ತು. ಕೊಟ್ಟೂರು ಬಸವೇಶ್ವರ ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ.

ನಿನ್ನ,
ಕೊಟ್ರಪ್ಪ

ಮರೆತ ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಅನಂತರಾಮು ಬಂದರು. ಹಬ್ಬ ಮುಗಿಯಿತಲ್ಲ, ಬೆಳಿಗ್ಗೆ ಹಾರ ಬಿಚ್ಚಿದರಂತೆ. ರಟ್ಟನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲಿಟ್ಟರು. "ರಿಪೇರಿ ಮಾತು ಎತ್ತಬೇಡಿ. ಜಯದೇವಮ್ಮನಿಗೆ ನೀವೇ ತಿಳಿಸಿ, ಅಷ್ಟು ಸಾಕು" ಅಂದರು. ಬರೆದಾಗಿದೆ ಅಂತ ಈ ಕಾಗದವನ್ನೇ ಕೊಟ್ಟೆ. ಪೂರ್ತಿ ಓದಿದರು, ಸರ್ಕಾರಿ ಆಫೀಸಿನ ಜಾಗದಲ್ಲಿ ನಕ್ಕರು, ಏರಿನ ಜಾಗದಲ್ಲಿ ನಗಲಿಲ್ಲ. ಅವರ ಇಂಜಿನ್ ಸೋಮವಾರದ ಹೊತ್ತಿಗೆ ಸಿದ್ಧವಾಗುತ್ತದಂತೆ, ಈಗಲೂ ಬರಲು ಒಪ್ಪಿದ್ದಾರೆ. ಅದಕ್ಕೆ ಯಾವ ಕಾರು ಬರಬೇಕು ಅಂತ ನೀನೇ ಕೂಡಲೇ ಬರಿ. ಅವರದೇ ಬರಲಿ ಅಂದರೂ ಸರಿ. ನಾನು ಹಿಂದಿನ ಸೀಟಿನಲ್ಲಿ ಕೂತು ಬರುತ್ತೇನೆ, ಇಂಜಿನ್ ಬಗ್ಗೆ ತುಟಿ ಬಿಚ್ಚುವುದಿಲ್ಲ. ಚಿತ್ರದುರ್ಗದವರೆಗಂತೂ ಬಿಚ್ಚುವುದಿಲ್ಲ.